ಸೂರ್ಯನ ಬಂಡಿಗೆ ಹೊದಿಕೆ

ಲೋಕಕ್ಕೆ ಬಣ್ಣ ಬಳಿದು ಇನ್ನೂ ಒಣಗಿರಲಿಲ್ಲ, ಆಗಿನ ಮಾತು. ಗಿಳಿಯನ್ನು ಮುಟ್ಟಿದರೆ ಕೈಗೆ ಹಸಿರು ಮೆತ್ತುತ್ತಿತ್ತು. ಮೆಣಸಿನಕಾಯಿ ತಾನೆಷ್ಟು ಕೆಂಪಗಿದ್ದೇನೆ ಎಂದು ಕಂಡಕಂಡವರನ್ನೆಲ್ಲ ಕೇಳುತ್ತಿತ್ತು.

ಬಣ್ಣ ಬಳಿದವಳು ಹೊನ್ನಜ್ಜಿ. ಎಲ್ಲರಿಗೂ ಬಳಿದು ಮುಗಿದಾಗ ಗಡಿಗೆಯ ತಳದಲ್ಲಿ ಒಂದಿಷ್ಟು ಹೊಂಗೆಂಪು ಉಳಿದಿತ್ತು. ಅದನ್ನು ಸೂರ್ಯನ ಬಂಡಿಗೆ ಬಳಿದಳು. ಬಂಡಿ ಎಷ್ಟು ಮಿಂಚಿತೆಂದರೆ, ಹುಂಜ ಅದನ್ನು ಕಂಡು ತಡೆಯಲಾರದೆ ಕೂಗಿಬಿಟ್ಟಿತು. ಆ ಕೂಗಿಗೆ ಲೋಕವೆಲ್ಲ ಎದ್ದಿತು.

“ಇದು ಕೊನೇ ಬಣ್ಣ ಮಗಾ, ಜೋಪಾನ. ಇದು ಹೋದರೆ ಬೆಳಗಾಯಿತು ಅಂತ ಹುಂಜಕ್ಕೆ ಗೊತ್ತಾಗಲ್ಲ. ಯಾರೂ ಏಳಲ್ಲ,” ಎಂದಳು ಹೊನ್ನಜ್ಜಿ.

“ಆಯ್ತಜ್ಜಿ,” ಎಂದ ಸೂರ್ಯ. ಆಯ್ತು ಅನ್ನುವುದರಲ್ಲಿ ಅವನು ಬಲು ಜಾಣ.

ದಿನವಿಡೀ ಆಕಾಶ ಸುತ್ತಿ ಸಂಜೆ ಪಡುವಣ ಕಡಲ ದಂಡೆಗೆ ಬಂದ. ಬಂಡಿಯನ್ನು ಒಳಗಿಡೋಣವೆಂದರೆ ಅಜ್ಜಿಯ ಹುಲ್ಲಿನ ಕೊಟ್ಟಿಗೆ ಅದರ ಬಿಸಿಗೆ ಹೊಗೆಯಾಡತೊಡಗಿತು. ಸರಿ, ಹೊರಗೇ ನೇರಳೆ ಮರದ ಕೆಳಗೆ ನಿಲ್ಲಿಸಿ ಮಲಗಿದ.

ಮರದ ತುಂಬ ಹಕ್ಕಿಗಳು. ಬೆಳಿಗ್ಗೆ ನೋಡಿದರೆ ಬಂಡಿಯ ಮೇಲೆಲ್ಲ ನೇರಳೆ ಚುಕ್ಕಿ, ಬಿಳಿ ಚುಕ್ಕಿ, ಅದರ ಜೊತೆಗೆ ಅಂಟು.

“ಯಾರದ್ರೀ ಈ ಕೆಲಸ?” ಎಂದು ಹೊನ್ನಜ್ಜಿ ಸೊಂಟಕ್ಕೆ ಕೈ ಇಟ್ಟಳು.

“ನಮ್ಮದೇ ಅಜ್ಜಿ,” ಎಂದಿತು ಕಾಗೆ. “ನಮ್ಮ ಮನೆ ಕೆಳಗೇ ತಂದು ನಿಲ್ಲಿಸಿದರೆ ನಾವಾದರೂ ಏನು ಮಾಡೋಣ?”

ಅದೂ ನಿಜವೇ. ಅಜ್ಜಿ ಒದ್ದೆ ಬಟ್ಟೆ ಇಟ್ಟು, ಕಲೆ ನೆನೆಸಿ, ಮೆಲ್ಲಗೆ ಒರೆಸಿದಳು. ಬಣ್ಣ ಉಳಿಯಿತು.

ಮಾರನೆಯ ಸಂಜೆ ಬಂಡಿ ಬಯಲಲ್ಲಿ ನಿಂತಿತು. ಅಲ್ಲಿ ಹಕ್ಕಿಯಿಲ್ಲ, ಆದರೆ ಗಾಳಿಯಿತ್ತು. ಬಂದು ನಿಂತ ಸ್ವಲ್ಪ ಹೊತ್ತಿಗೆಲ್ಲ ಬಂಡಿಯ ಮೇಲೆ ಮರಳು ದೂಳು. ಹೊನ್ನಜ್ಜಿ ತಲೆ ಎತ್ತಿ ನೋಡಿದಳು. ದಪ್ಪನೆಯ ಬಿಳಿ ಮೋಡವೊಂದು ಅಲ್ಲಿಂದಿಲ್ಲಿಗೆ ತೇಲುತ್ತಿತ್ತು. ಆಗೆಲ್ಲ ಮೋಡಗಳಿಗೆ ಹೇಳಿಕೊಳ್ಳುವಂಥ ಕೆಲಸವಿರಲಿಲ್ಲ.

“ಮೋಡಮ್ಮಾ, ಈ ಬಂಡಿಗೆ ಹೊದಿಕೆಯಾಗಿ ಮಲಗ್ತೀಯೇನೇ?”

“ಮಲಗೋದೇ ಕೆಲಸ ಅಂದರೆ ಯಾರು ಬೇಡ ಅಂತಾರಜ್ಜಿ?” ಎಂದು ಮೋಡಮ್ಮ ಇಳಿದು ಬಂದು ಬಂಡಿಯನ್ನು ತಬ್ಬಿ ಮಲಗಿದಳು. ಅಜ್ಜಿಯೂ ನೆಮ್ಮದಿಯಾಗಿ ಮಲಗಿದಳು.

ಗಾಳಿಗೆ ಹೊದಿಕೆ ಕಂಡರೆ ಎಳೆಯದೆ ಇರಲು ಆಗುವುದಿಲ್ಲ. ಅತ್ತ ಎಳೆಯಿತು, ಇತ್ತ ಎಳೆಯಿತು. ಬೆಳಿಗ್ಗೆ ಹೊದಿಕೆ ತೆಗೆದರೆ ಬಂಡಿಯ ಮೈತುಂಬ ಗೀರು. ಮೋಡಮ್ಮನ ಒಳಮೈ ಕೆಂಪೋ ಕೆಂಪು. ಹುಂಜ ಕೂಗಲು ಬಾಯಿ ತೆರೆದು, ಮತ್ತೆ ಮುಚ್ಚಿ, ಬೆಳಗಾಯಿತೇ ಇಲ್ಲವೇ ಎಂದು ಕೋಳಿಗಳನ್ನು ಕೇಳಿತು. ಲೋಕ ಎದ್ದಾಗ ಹೊತ್ತು ನೆತ್ತಿಗೆ ಬಂದಿತ್ತು.

ಹೊನ್ನಜ್ಜಿಗೆ ಅಳು ಬಂತು. ಹೀಗೇ ಆದರೆ ಬಂಡಿಯಲ್ಲಿ ಬರೀ ಮರ ಉಳಿಯುತ್ತದೆ. ಗಡಿಗೆಯಲ್ಲಿ ಒಂದು ತೊಟ್ಟೂ ಬಣ್ಣವಿಲ್ಲ.

“ನಾನು ಇಷ್ಟು ಮೆತ್ತಗಿದ್ದೀನಿ, ನಾನು ಹೇಗೆ ಗೀಚಲಿ ಅಜ್ಜಿ?” ಎಂದು ಮೋಡಮ್ಮನೂ ಅತ್ತಳು.

ಅಜ್ಜಿಗೆ ಏನೂ ತೋಚಲಿಲ್ಲ. ಏನೂ ತೋಚದಾಗ ಅವಳು ಪಾತ್ರೆ ತಿಕ್ಕುತ್ತಿದ್ದಳು. ಗಂಜಿಯ ಪಾತ್ರೆ ಎತ್ತಿಕೊಂಡು, ಒಂದು ಹಿಡಿ ಮರಳು ಹಾಕಿ ಉಜ್ಜಿದಳು. ಕರಕರ, ಕರಕರ. ಮಸಿಯೆಲ್ಲ ಕಿತ್ತುಬಂತು. ಅವಳ ಕೈ ನಿಂತಿತು. ತನ್ನ ಅಂಗೈ ನೋಡಿಕೊಂಡಳು, ಅದೂ ಮೆತ್ತಗೇ ಇತ್ತು.

“ನಿನ್ನ ತಪ್ಪಲ್ಲ ಕಣೇ! ದೂಳಿನ ಮೇಲೆ ನಿನ್ನನ್ನು ಹೊದಿಸಿದ್ದು ನಾನು. ತಿಕ್ಕಿದ್ದು ಆ ಮರಳು,” ಎಂದು ಹೊನ್ನಜ್ಜಿ ನಕ್ಕೇಬಿಟ್ಟಳು.

ಆ ಸಂಜೆ ಬಂಡಿ ಬರುತ್ತಲೇ ಅಜ್ಜಿ ಸೆರಗು ಬಿಗಿದು ನಿಂತಳು. “ಮೊದಲು ತೊಳೀಬೇಕು.”

“ನಾನು ತೊಳೀತೀನಿ!” ಎಂದು ಕಡಲು ಓಡಿಬಂತು.

“ನಿನ್ನ ಉಪ್ಪು ಬೇಡಪ್ಪಾ, ನೀನು ಅಲ್ಲೇ ಇರು.”

ಕಡಲು ಹಿಂದಕ್ಕೆ ಹೋಯಿತು. ಮೋಡಮ್ಮ ತನ್ನ ಮೈ ಹಿಂಡಿ ಸಿಹಿನೀರು ಸುರಿದಳು. ದೂಳೆಲ್ಲ ಇಳಿದುಹೋಯಿತು. ಅಜ್ಜಿ ಗಾಳಿಯನ್ನು ಕರೆದು, “ಕೈ ತುರಿಸುತ್ತಿದ್ದರೆ ಈಗ ಬೀಸು, ಒಣಗಲಿ,” ಎಂದಳು. ಗಾಳಿ ಖುಷಿಯಿಂದ ಚಕ್ರದ ಸಂದಿಯನ್ನೂ ಬಿಡದೆ ಒಣಗಿಸಿತು. ಆಮೇಲೆ ಮೋಡಮ್ಮ ಮಲಗಿದಳು.

ಬೆಳಿಗ್ಗೆ ಹೊಸ ಗೀರು ಒಂದೂ ಇರಲಿಲ್ಲ. ಹುಂಜ ಹಿಂದಿನ ದಿನದ್ದನ್ನೂ ಸೇರಿಸಿ ಕೂಗಿತು. ಹಳೆಯ ಗೀರುಗಳು ಹಾಗೆಯೇ ಉಳಿದವು. ಸೂರ್ಯ ಅವನ್ನು ಕಿರಣಗಳೆಂದು ಹೇಳಿಕೊಂಡು ತಿರುಗುತ್ತಾನೆ, ಯಾರೂ ಅವನ ಬಾಯಿ ಮುಚ್ಚಿಸಲು ಹೋಗಿಲ್ಲ.

ಮೋಡಮ್ಮನ ಕೆಂಪು ಮಾತ್ರ ಎಷ್ಟು ತೊಳೆದರೂ ಹೋಗಲಿಲ್ಲ. “ಉಳಿದ ಮೋಡಗಳು ನಗ್ತವೆ ಅಜ್ಜಿ,” ಎಂದಳು.

ಹೊನ್ನಜ್ಜಿ ಬಣ್ಣಬಣ್ಣದ ಕಲೆಯಾದ ತನ್ನ ಸೀರೆ ತೋರಿಸಿದಳು. “ಕೆಲಸ ಮಾಡೋರ ಬಟ್ಟೆ ಹೀಗೇ ಇರುತ್ತೆ ತಾಯಿ. ನಾಚಿಕೆ ಅನ್ನಿಸಿದರೆ ಹಗಲೆಲ್ಲ ಒಳಮೈ ಒಳಗೆ ಮಾಡಿ ಮಡಚಿಕೋ. ಕೆಲಸದ ಹೊತ್ತಿಗೆ ಬಿಚ್ಚಿದರಾಯ್ತು.”

ಅಂದು ಬಳಿದ ಬಣ್ಣವೇ ಇಂದಿಗೂ ಬಂಡಿಯ ಮೇಲಿದೆ. ಸಂಜೆ ಅಪ್ಪ ಬೀದಿ ಬದಿಯ ಕಾರನ್ನು ತೊಳೆದು, ಒರೆಸಿ, ಹೊದಿಕೆ ಎಳೆಯುವ ಹೊತ್ತಿಗೆ ನೀನೊಮ್ಮೆ ಪಡುವಣದ ಕಡೆ ತಿರುಗಿ ನೋಡು ಕಂದಾ: ಅಲ್ಲಿ ಮೋಡಮ್ಮ ಮಡಿಕೆ ಬಿಚ್ಚುತ್ತಿರುತ್ತಾಳೆ, ಅವಳ ಒಳಮೈಯ ಕೆಂಪು ಆಕಾಶದ ತುಂಬ ಹರಡಿರುತ್ತದೆ.