ನೀರಾದ ಡಾಂಬರು

ರಸ್ತೆ ಬದಿಯ ಡ್ರಮ್ಮಿನಲ್ಲಿ ಡಾಂಬರು ಹದವಾಗಿ ಕರಗಿತ್ತು. ಕೆಳಗಿದ್ದ ಬೆಂಕಿ ಮಾತ್ರ ಹಳೆ ಟೈರುಗಳನ್ನು ನುಂಗುತ್ತಾ ಇನ್ನೂ ಮೇಲಕ್ಕೇಳುತ್ತಲೇ ಇತ್ತು.

"ಸಾಕು ನಿಲ್ಲಿಸಪ್ಪ, ಹದ ಬಂದಾಯಿತು. ಇನ್ನೂ ಕಾಯಿಸಿದರೆ ನನ್ನ ಜಿಗುಟೇ ಸುಟ್ಟುಹೋಗುತ್ತದೆ," ಎಂದಿತು ಡಾಂಬರು.

"ತೆವಳುವವರದ್ದೆಲ್ಲ ಇದೇ ನೆಪ," ಎಂದಿತು ಬೆಂಕಿ. "ಸಂಜೆಗೆ ಉದ್ಘಾಟನೆ ಇದೆ. ನೀರಿನಂತೆ ಹರಿ, ಕೆಲಸ ಬೇಗ ಮುಗಿಯಲಿ."

ಪಕ್ಕದ ರಾಶಿಯಲ್ಲಿದ್ದ ಜಲ್ಲಿಕಲ್ಲಿಗೆ ಮೈಯೆಲ್ಲ ಉರಿಯಿತು. ಆ ಡಾಂಬರನ್ನೇ ನಂಬಿಕೊಂಡು ನಾಳೆಯಿಂದ ಲಾರಿಗಳ ಕೆಳಗೆ ಮಲಗಬೇಕಾದದ್ದು ತಾನಲ್ಲವೇ!

"ಅದರ ಹದ ಅದಕ್ಕೆ ಗೊತ್ತಿಲ್ಲವೇನು? ನಿನ್ನನ್ನು ಯಾರು ಕೇಳಿದರು?" ಎಂದು ಜಲ್ಲಿಕಲ್ಲು ಬೆಂಕಿಗೆ ಕೂಗಿತು. ಬೆಂಕಿ ಕಿವಿಗೇ ಹಾಕಿಕೊಳ್ಳಲಿಲ್ಲ.

ಡಾಂಬರು ನೀರಾಗಿ ಹರಿಯಿತು. ಸಂಜೆಯ ಹೊತ್ತಿಗೆ ರಸ್ತೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬಂದವರೆಲ್ಲ ಬೆಂಕಿಯ ಚುರುಕುತನವನ್ನೇ ಹೊಗಳಿ ಹೋದರು.

ಮೊದಲ ಚಳಿಗಾಲಕ್ಕೇ ಡಾಂಬರು ಹಪ್ಪಳದಂತೆ ಬಿರುಕು ಬಿಟ್ಟಿತು. ಒಂದು ದಿನ ಬಸ್ಸಿನ ಚಕ್ರ ಜಲ್ಲಿಕಲ್ಲನ್ನು ಕಿತ್ತು ಚರಂಡಿಗೆಸೆಯಿತು. ಅಲ್ಲೇ ದಡದ ಮೇಲೆ, ಗುಂಡಿ ಮುಚ್ಚಲು ತಂದ ಹೊಸ ಡ್ರಮ್ಮಿನ ಕೆಳಗೆ, ಅದೇ ಬೆಂಕಿ ಕುಳಿತಿತ್ತು.

"ನೋಡು ನಿನ್ನ ಘನಕಾರ್ಯ!" ಜಲ್ಲಿಕಲ್ಲು ಚರಂಡಿಯಿಂದಲೇ ಗದರಿತು. "ನನ್ನನ್ನು ಹಿಡಿದಿಡಬೇಕಾದ ಜಿಗುಟನ್ನೆಲ್ಲ ಅವತ್ತೇ ಸುಟ್ಟು ತಿಂದೆ. ಇವತ್ತು ಊರಿನವರೆಲ್ಲ ಡಾಂಬರನ್ನು ಬೈಯುತ್ತಿದ್ದಾರೆ!"

ಬೆಂಕಿ ಗಂಭೀರವಾಗಿ ತಲೆದೂಗಿತು.

"ನನಗೂ ಬೇಜಾರಾಗಿದೆ. ಕಳೆದ ಸಲ ಕಾವು ಸಾಲಲಿಲ್ಲ," ಎಂದು ಹೇಳಿ ಇನ್ನೊಂದು ಟೈರಿಗೆ ಬಾಯಿ ತೆರೆಯಿತು.