ಅರಗು ಒಡೆದರೆ ವಾಪಸ್ಸಿಲ್ಲ

ಗವಿ ಸೋಮೇಶ್ವರನ ದಯದಿಂದ ಹಾಲುಗುಂದಿಯ ದೊರೆ ಕೆಂಚಣ್ಣ ನಾಯಕರಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಇದ್ದ ಕೊರತೆ ಒಂದೇ. ಯಾವ ವಸ್ತುವಿಗೂ ಪೂರಾ ಬೆಲೆ ಕೊಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

ಒಂದು ದಿನ ಸಭೆಯಲ್ಲಿ ದೊರೆ ಮೀಸೆಯ ಮೇಲೆ ಕೈಯಾಡಿಸಿ ಹೇಳಿದರು: "ದೇವಸ್ಥಾನದ ಹಳೇ ಗಂಟೆ ಬಿರುಕು ಬಿಟ್ಟಿತ್ತಲ್ಲ, ಹೊಸದು ತರಿಸಿದ್ದೇನೆ. ನಮ್ಮ ಕಂಚುಗಾರ ಮೌನೇಶಾಚಾರಿ ನೂರು ವರಹ ಕೇಳಿದ. ಬಂದರಿನ ದೇಮಿಸೆಟ್ಟಿ ನಲವತ್ತಕ್ಕೆ ಕೊಟ್ಟ. ಇಂಥ ವ್ಯಾಪಾರ ಮಾಡಿದ ದೊರೆ ಇನ್ನೊಬ್ಬನಿದ್ದರೆ ತೋರಿಸಿ."

ಯಾರೂ ತೋರಿಸಲಿಲ್ಲ.

ದೇಮಿಸೆಟ್ಟಿಯ ವ್ಯಾಪಾರದ ರೀತಿ ಹೀಗೆ. ಅವನ ಆಳುಗಳು ಬಟ್ಟೆಯ ಮೇಲೆ ಬರೆದ ಚಿತ್ರಗಳನ್ನು ಊರೂರಿಗೆ ತಂದು ಹರಡುತ್ತಾರೆ. ಬೇಕಾದ ಚಿತ್ರದ ಮೇಲೆ ಬೆರಳಿಟ್ಟು ದುಡ್ಡು ಕೊಟ್ಟರೆ, ತಿಂಗಳೊಳಗೆ ಮಾಲು ಬಾಗಿಲಿಗೆ ಬರುತ್ತದೆ. ಗೋಣಿಯಲ್ಲಿ ಹೊಲಿದು, ಹೊಲಿಗೆಯ ತುದಿಗೆ ಅರಗಿನ ಮುದ್ರೆ ಒತ್ತಿರುತ್ತದೆ. ಬೇಡವಾದರೆ ವಾಪಸ್ಸು ಮಾಡಬಹುದು, ಆದರೆ ಅರಗು ಒಡೆದಿರಬಾರದು. ಅರಗು ಒಡೆಯದೆ ಒಳಗೆ ನೋಡುವ ಉಪಾಯವನ್ನು ಮಾತ್ರ ಸೆಟ್ಟಿ ಯಾರಿಗೂ ಹೇಳಿಕೊಟ್ಟಿರಲಿಲ್ಲ.

ಮೌನೇಶಾಚಾರಿಯದು ಅಜ್ಜನ ಕಾಲದಿಂದ ಬಂದ ಪದ್ಧತಿ. ಗಂಟೆ ಎರಕ ಹೊಯ್ದು, ತಾನೇ ಗುಡಿಯಲ್ಲಿ ಕಟ್ಟುತ್ತಾನೆ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಮೂರು ಹೊತ್ತೂ ಬಾರಿಸಿ ನೋಡಬೇಕು. ದನಿ ಒಪ್ಪದಿದ್ದರೆ ಇಳಿಸಿ, ಕರಗಿಸಿ, ಮತ್ತೆ ಹೊಯ್ದುಕೊಡುತ್ತಾನೆ. ಒಪ್ಪಿದ ಮೇಲೆಯೇ ದುಡ್ಡು.

ಅಂದೇ ಗೋಣಿ ಬಿಚ್ಚಿ ಹೊಸ ಗಂಟೆ ಕಟ್ಟಿದರು. ಮಹಾಮಂಗಳಾರತಿಗೆ ಅರ್ಚಕ ವಿರೂಪಾಕ್ಷಯ್ಯನವರು ಹಗ್ಗ ಎಳೆದರು. ಹಂಡೆಯ ಮೇಲೆ ಸೌದೆ ಬಿದ್ದ ಹಾಗಾಯಿತು.

"ಹೇಗಿದೆ ದನಿ?" ಎಂದರು ದೊರೆ.

"ನೋಡಲು ಚೆನ್ನಾಗಿದೆ, ಪ್ರಭು," ಎಂದರು ಅರ್ಚಕರು.

ವಾರ ಕಳೆದು ದೇಮಿಸೆಟ್ಟಿಯೇ ಸಭೆಗೆ ಬಂದ. ಗಂಟೆ ವಾಪಸ್ಸು ತೊಗೊ ಎಂದು ದೊರೆ ಕೇಳಿದರು.

"ಅರಗು ಒಡೆದಿದೆಯಲ್ಲ ಬುದ್ಧಿ. ಬೆಲೆ ಕಡಮೆ ಬರೋದು ಅದರಿಂದಲೇ. ವಾಪಸ್ಸು ತೊಗೊಳ್ತಾ ಕೂತರೆ ನಾನೂ ನೂರು ಹೇಳಬೇಕಾಗುತ್ತೆ."

ದೊರೆಗೆ ಇದು ನ್ಯಾಯವಾಗಿ ಕಂಡಿತು. ಸೆಟ್ಟಿ ಇನ್ನೂ ಹತ್ತಿರ ಬಂದ. "ಸಂಸ್ಥಾನದಲ್ಲಿ ಪಾತ್ರೆ, ದೀಪ, ಗಂಟೆ ನಾನೊಬ್ಬನೇ ಮಾರುವ ಹಾಗೆ ಸನದು ಬರೆಸಿಕೊಡಿ. ಎಲ್ಲಾ ಅರ್ಧ ಬೆಲೆಗೆ ಕೊಡ್ತೀನಿ."

ಅರ್ಧ ಬೆಲೆ ಎಂದ ಕೂಡಲೆ ದೊರೆಯ ಮುಖ ಅರಳಿತು.

ಕಂಬದ ಹಿಂದೆ ನಿಂತಿದ್ದ ಮೌನೇಶಾಚಾರಿ ಕೈಮುಗಿದ. "ಹಾಗಾದರೆ ನಾನು ಕುಲುಮೆ ಆರಿಸಿ ಊರು ಬಿಡಬೇಕಾಗುತ್ತೆ, ಮಹಾಸ್ವಾಮಿ."

"ಯಾಕೆ ಬಿಡ್ತೀಯ? ನೀನೂ ನಲವತ್ತಕ್ಕೆ ಕೊಡು."

"ಕೊಡಬಹುದು. ಆಗ ನನ್ನ ಗಂಟೆಯೂ ನೋಡಲು ಚೆನ್ನಾಗಿರುತ್ತೆ."

ದೊರೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಅರಮನೆಯ ಕಾಗದಪತ್ರ ಬರೆಯುವ ರಾಯಸದ ಶಂಭಯ್ಯನ ಕಡೆ ತಿರುಗಿ, "ಸನದು ಬರಿ," ಎಂದರು.

ಶಂಭಯ್ಯ ಒಳಗೆ ಹೋಗಿ ಗಳಿಗೆ ಹೊತ್ತಿನಲ್ಲಿ ಬಂದ. ಕೈಯಲ್ಲಿ ಬಟ್ಟೆಯಲ್ಲಿ ಹೊಲಿದು ಅರಗು ಒತ್ತಿದ ಕಾಗದ. ಬಟ್ಟೆಯ ಮೇಲೊಂದು ಚಿತ್ರ: ದೇಮಿಸೆಟ್ಟಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ.

"ಸೆಟ್ಟರೆ, ನಿಮ್ಮ ಪದ್ಧತಿಯಂತೆಯೇ ಮಾಡಿದ್ದೇನೆ. ಬೇಡವಾದರೆ ಹೀಗೇ ವಾಪಸ್ಸು ಕೊಡಿ. ಅರಗು ಒಡೆದವರು ಮಾತ್ರ ಒಳಗೆ ಬರೆದದ್ದಕ್ಕೆ ಬದ್ಧರು."

"ಒಳಗೆ ಏನು ಬರೆದಿದ್ದೀರಿ, ರಾಯಸದವರೆ?"

"ಚಿತ್ರದಲ್ಲಿ ಇದೆಯಲ್ಲ."

"ಚಿತ್ರ ಯಾರು ಬೇಕಾದರೂ ಬರೀಬಹುದು."

"ಹೌದು," ಎಂದ ಶಂಭಯ್ಯ.

ಸೆಟ್ಟಿ ಕಾಗದವನ್ನು ಬೆಳಕಿಗೆ ಹಿಡಿದ. ಅಲ್ಲಾಡಿಸಿದ. ಹೊಲಿಗೆಯ ಸಂದಿಗೆ ಒಂದು ಕಣ್ಣಿಟ್ಟು ನೋಡಿದ. ಒಳಗೆ ತೆರಿಗೆ ಎಷ್ಟು ಹಾಕಿದ್ದಾರೋ, ದಂಡ ಎಷ್ಟು ಹಾಕಿದ್ದಾರೋ.

"ಬಿಚ್ಚಿ ಓದದೆ ಹೇಗೆ ಒಪ್ಪಿಕೊಳ್ಳಲಿ? ಹಾಗೆ ಒಪ್ಪಿಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯೆ?"

ಸಭೆಯವರೆಲ್ಲ ದೊರೆಯ ಕಡೆ ನೋಡಿದರು. ದೊರೆ ಚಾವಣಿಯ ಕಡೆ ನೋಡಿದರು.

ತಾನು ಹೇಳಿದ್ದೇನೆಂದು ಸೆಟ್ಟಿಗೂ ಅಷ್ಟು ಹೊತ್ತಿಗೆ ತಿಳಿಯಿತು. ಕಾಗದವನ್ನು ಮೆಲ್ಲಗೆ ಸಿಂಹಾಸನದ ಮೆಟ್ಟಿಲ ಮೇಲಿಟ್ಟು, "ಸನದು ಬೇಡ ಬುದ್ಧಿ," ಎಂದು ಬಂದರಿನ ದಾರಿ ಹಿಡಿದ. ಗಂಟೆಯನ್ನು ಒಯ್ಯಲು ಅವನೂ ಕೇಳಲಿಲ್ಲ, ಯಾರೂ ನೆನಪಿಸಲೂ ಇಲ್ಲ.

ಅವನು ಹೋದ ಮೇಲೆ ದೊರೆ ಕಾಗದ ಎತ್ತಿಕೊಂಡರು. "ಇದರೊಳಗೆ ಏನಿದೆಯಯ್ಯ?"

"ಒಡೆದು ನೋಡಬಹುದು, ಪ್ರಭು. ನಿಯಮ ಅದೇ."

"ನನ್ನ ಅರಮನೆ ಕಾಗದಕ್ಕೆ ನನಗೇ ನಿಯಮವೆ?" ಎಂದು ದೊರೆ ಅರಗು ಒಡೆದು ಗಟ್ಟಿಯಾಗಿ ಓದಿದರು: "ಈ ಕಾಗದ ಒಡೆದವರು ಸ್ವಂತ ಖರ್ಚಿನಲ್ಲಿ, ಮೌನೇಶಾಚಾರಿ ಹೇಳಿದ ಬೆಲೆಗೆ, ಅವನ ಪದ್ಧತಿಯಂತೆ, ಗವಿ ಸೋಮೇಶ್ವರ ಸ್ವಾಮಿಗೆ ಒಂದು ಗಂಟೆ ಮಾಡಿಸಿ ಒಪ್ಪಿಸತಕ್ಕದ್ದು."

ಸಭೆಯಲ್ಲಿ ಯಾರೋ ಕೆಮ್ಮಿದರು.

"ಇದು ಸೆಟ್ಟಿಗೆ ಬರೆದದ್ದು," ಎಂದರು ದೊರೆ.

"ಒಡೆದವರಿಗೆ ಬರೆದದ್ದು, ಪ್ರಭು."

ದೊರೆ ಕಾಗದ ಮಡಿಸಿ ಮುಂದೆ ಚಾಚಿದರು. ಶಂಭಯ್ಯ ಕೈ ಕಟ್ಟಿಕೊಂಡೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ದೊರೆಯ ಮೀಸೆ ಅಲ್ಲಾಡಿತು, ಆಮೇಲೆ ಭುಜ, ಆಮೇಲೆ ಹೊಟ್ಟೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು, ಮುದ್ರೆಯುಂಗುರವನ್ನು ಕಾಗದಕ್ಕೆ ಒತ್ತಿದರು. ಮೌನೇಶಾಚಾರಿ ಕುಲುಮೆಗೆ ಇದ್ದಿಲು ಹಾಕಲು ಆಗಲೇ ಹೊರಟಿದ್ದ.

ಆದರೂ ದೊರೆಗೆ ಒಂದು ಅನುಮಾನ ಉಳಿದಿತ್ತು. "ಅಲ್ಲಯ್ಯ, ನೂರು ವರಹ ಕೊಟ್ಟೂ ಇವನ ಗಂಟೆ ಹಂಡೆಯ ಹಾಗೇ ಸದ್ದು ಮಾಡಿದರೆ?"

"ವಾಪಸ್ಸು ಕೊಡಿ, ಪ್ರಭು," ಎಂದ ಶಂಭಯ್ಯ. "ವಾಪಸ್ಸಿಲ್ಲದಿರುವುದು ಈ ಕಾಗದಕ್ಕೆ ಮಾತ್ರ. ಗಂಟೆಗೆ ಇದೆ."