ಅಡೆಗಲ್ಲಿನ ಮೇಲಿನ ಹೆಸರು

ಗಾಳಿಯನ್ನು ಕೊಟ್ಟು, ನೀರನ್ನು ಕೊಟ್ಟು, ಯಾವುದರ ಮೇಲೂ ತನ್ನ ಹೆಸರು ಬರೆಸಿಕೊಳ್ಳದ ಪರಮಾತ್ಮನಿಗೆ ಮೊದಲು ಕೈಮುಗಿದು ಕತೆಗೆ ತೊಡಗೋಣ.

“ಬುದ್ಧೀ, ಒಂದು ಮಗುವಿಗೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಕೊಟ್ಟರೆ ಅದು ಪಂಕ್ತಿಭೇದವಲ್ಲವೇ?”

ತನ್ನ ಗುರುಗಳನ್ನು ಹೀಗೆ ಕೇಳಿದವನು ಮಠದ ಸಾಧಕ ಚಿಕ್ಕಲಿಂಗಯ್ಯ. ಊರಿನ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮಠದ ಪರವಾಗಿ ಕೂರುವವನು ಅವನೇ. ಆ ಶಾಲೆಯಲ್ಲಿ ಓದುಬರಹದ ಜೊತೆಗೆ ಹೊಲಿಗೆ ಕಲಿಸುವ ತರಗತಿಯೂ ಇತ್ತು. ಸರ್ಕಾರ ಕೊಟ್ಟ ಹಣಕ್ಕೆ ಮಠ ತನ್ನ ಪಾಲು ಸೇರಿಸಿ, ಎಲ್ಲ ಮಕ್ಕಳಿಗೂ ತಲೆಗಿಷ್ಟು ಎಂದು ಸಮನಾಗಿ ಹಂಚುತ್ತಿತ್ತು. ಈಗ ಹೊಲಿಗೆಯ ಮೇಷ್ಟ್ರು ಬಟ್ಟೆಗೆ, ನೂಲಿಗೆ ಎಂದು ಹೆಚ್ಚು ಕೇಳುತ್ತಿದ್ದರು. ಕೊಡದಿದ್ದರೆ ಆ ತರಗತಿ ಮುಚ್ಚಬೇಕಾಗುತ್ತಿತ್ತು. ಮಾರನೆಯ ದಿನ ಸಮಿತಿಯ ಸಭೆ. ಯಾವ ಕಡೆಗೆ ತಲೆಯಾಡಿಸಿದರೂ ಪಾಪ ತಟ್ಟೀತೆಂದು ಅವನ ಎದೆ ಭಾರವಾಗಿತ್ತು.

ಗುರುಗಳು ಕೂರುವಂತೆ ಸನ್ನೆ ಮಾಡಿ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಮ್ಮಾರನಿದ್ದ. ವಯಸ್ಸಾಗಿತ್ತು, ತೋಳಿನ ಬಲ ಕುಗ್ಗಿತ್ತು, ಮಕ್ಕಳಿರಲಿಲ್ಲ. ತನ್ನ ಕೈಯ ವಿದ್ಯೆ ತನ್ನೊಂದಿಗೇ ಮಣ್ಣಾಗಬಾರದು ಎಂಬುದೊಂದೇ ಅವನ ಆಸೆ. ಊರ ಯಜಮಾನ ಅವನನ್ನು ಕರೆದು, ಶಾಲೆಯಲ್ಲಿ ಒಂದು ಕುಲುಮೆ ಹಾಕಿಸುತ್ತೇವೆ, ನಮ್ಮ ಮಕ್ಕಳಿಗೆ ಕಲಿಸು ಎಂದ. ಕಮ್ಮಾರ ಆ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದ.

ಒಬ್ಬ ವರ್ತಕ ಪುಣ್ಯ ಬರಲೆಂದು ಸಾಮಾನೆಲ್ಲ ಕೊಡಿಸಿದ. ಗಾಳಿಯೂದುವ ತಿದಿ, ಇಕ್ಕಳ, ಸುತ್ತಿಗೆ, ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡೆಗಲ್ಲು. ಆ ಅಡೆಗಲ್ಲಿನ ನೆತ್ತಿಯ ಮೇಲೆ ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಕೆತ್ತಿಸಿದ.

ಶಾಲೆ ನಡೆಯುತ್ತಿದ್ದದ್ದು ಊರವರ ರಾಗಿಯಿಂದ. ಸುಗ್ಗಿಯಲ್ಲಿ ಮನೆಮನೆಯಿಂದ ಬಂದ ರಾಗಿಯನ್ನು ಯಜಮಾನ ಮಕ್ಕಳ ತಲೆ ಎಣಿಸಿ ಅಳೆದುಕೊಡುತ್ತಿದ್ದ. ಅಕ್ಷರ ಕಲಿಯುವ ಮಗುವಿಗೆ ಎಷ್ಟೋ ಕುಲುಮೆಯ ಮಗುವಿಗೂ ಅಷ್ಟೇ. ಅಕ್ಷರ ಕಲಿಸುವ ಅಯ್ಯನವರಿಗೆ ಅದು ಸಾಕಾಗುತ್ತಿತ್ತು. ಮಕ್ಕಳು ಬರೆಯುವ ಮರಳು ಹೊಳೆಯಲ್ಲಿ ಬೇಕಾದಷ್ಟಿತ್ತು. ಕಮ್ಮಾರ ತನ್ನ ಮುದ್ದೆಗಷ್ಟು ಇಟ್ಟುಕೊಂಡು, ಉಳಿದ ರಾಗಿಯನ್ನು ಇದ್ದಿಲು ಸುಡುವವರಿಗೆ ಕೊಟ್ಟು ಇದ್ದಿಲು ತಂದ. ವರ್ಷವಿಡೀ ಬರಬೇಕಾದ ಇದ್ದಿಲನ್ನು ಕುಲುಮೆ ಒಂದು ವಾರದಲ್ಲಿ ತಿಂದು ಮುಗಿಸಿತು.

ಅವನು ಯಜಮಾನನ ಬಳಿಗೆ ಹೋಗಿ ಇನ್ನಷ್ಟು ಕೇಳಿದ. ನನಗೆ ಎಲ್ಲ ಮಕ್ಕಳೂ ಒಂದೇ ಕಣಯ್ಯ, ನಿನ್ನ ಮಕ್ಕಳೇನು ಇದ್ದಿಲು ತಿನ್ನುತ್ತವೆಯೇ ಎಂದು ಯಜಮಾನ ನಕ್ಕ. ಕಟ್ಟೆಯ ಮೇಲಿದ್ದವರೂ ನಕ್ಕರು. ಆ ವರ್ತಕರನ್ನೇ ಕೇಳಬಹುದೇನೋ ಎಂದು ಕಮ್ಮಾರ ಮೆಲ್ಲಗೆ ಅಂದ. ಇದ್ದಿಲಿನ ಮೇಲೆ ಹೆಸರು ಕೆತ್ತಲಾದೀತೇ, ಯಾವ ದಾನಿ ಅದನ್ನು ಕೊಟ್ಟಾನು ಎಂದರು. ಅಡೆಗಲ್ಲಿನ ಹೆಸರು ಮಾತ್ರ ಜೋಪಾನ, ಅದು ಸವೆದರೆ ಆ ಪುಣ್ಯಾತ್ಮ ನೊಂದುಕೊಳ್ಳುತ್ತಾರೆ ಎಂದೂ ಹೇಳಿ ಕಳಿಸಿದರು.

ಕಮ್ಮಾರ ಏನು ಮಾಡಿಯಾನು? ಬೆಂಕಿಯಿಲ್ಲದೆಯೇ ಕಲಿಸಿದ. ತಣ್ಣನೆಯ ಕಬ್ಬಿಣವನ್ನು ಮಕ್ಕಳ ಕೈಲಿ ಹಿಡಿಸಿದ. ಹೆಸರಿಗೆ ತಾಗದಂತೆ ಅಂಚಿನಲ್ಲಿ ಬಡಿಸಿದ. ಆಯುಧಪೂಜೆ ಬಂದಾಗ ಮಕ್ಕಳು ಸಾಮಾನೆಲ್ಲ ತೊಳೆದು, ಕುಂಕುಮವಿಟ್ಟು, ಹೂ ಮುಡಿಸಿ, ಭಕ್ತಿಯಿಂದ ಅಡ್ಡಬಿದ್ದರು. ಮಾರನೆಯ ದಿನ ಮತ್ತೆ ತಣ್ಣನೆಯ ಕಬ್ಬಿಣ.

ವರ್ಷಗಳು ಕಳೆದವು. ಕುಲುಮೆಯಿಂದ ಒಬ್ಬ ಕಮ್ಮಾರನೂ ಹೊರಬರಲಿಲ್ಲ. ನೇಗಿಲಿನ ಕುಳ ಮೊಂಡಾದರೆ ಊರವರು ಇನ್ನೂ ಪಕ್ಕದೂರಿಗೇ ಹೊತ್ತುಕೊಂಡು ಹೋಗುತ್ತಿದ್ದರು. ಕೊನೆಗೆ, ಕುಲುಮೆ ಮುಚ್ಚಿಬಿಡೋಣ, ಆ ರಾಗಿಯಾದರೂ ಉಳಿದೀತು ಎಂದು ಯಜಮಾನ ತೀರ್ಮಾನಿಸಿದ. ಸಾಮಾನು ಕೊಟ್ಟವನಿಗೆ ಒಂದು ಮಾತು ತಿಳಿಸಬೇಕಲ್ಲ, ವರ್ತಕನಿಗೆ ಹೇಳಿಕಳಿಸಿದ. ಅಂದಿನಿಂದ ಕಮ್ಮಾರನಿಗೆ ಅನ್ನ ಇಳಿಯಲಿಲ್ಲ.

ವರ್ತಕ ಬಂದ. ತನ್ನ ಹೆಸರು ನಿನ್ನೆ ಕೆತ್ತಿದಂತೆ ಹೊಳೆಯುವುದನ್ನು ಕಂಡು ಹಿಗ್ಗಿದ. ಎಷ್ಟು ಚೆನ್ನಾಗಿ ಕಾಪಾಡಿದ್ದೀಯಪ್ಪ ಎಂದು ಕಮ್ಮಾರನ ಬೆನ್ನು ತಟ್ಟಿದ. ಮುಂದೆ ನಿಂತಿದ್ದ ಒಬ್ಬ ಹುಡುಗಿಯನ್ನು ಕರೆದು, ಒಂದು ಮೊಳೆ ಮಾಡಿ ತೋರಿಸವ್ವ ಎಂದ.

ಹುಡುಗಿ ಕಲಿತದ್ದನ್ನೇ ಮಾಡಿದಳು. ಬೂದಿಯೂ ಇಲ್ಲದ ಕುಲುಮೆಗೆ ತಿದಿ ಒತ್ತಿದಳು. ತಣ್ಣನೆಯ ಸರಳನ್ನು ಇಕ್ಕಳದಲ್ಲಿ ಹಿಡಿದು, ಝಳ ಬಡಿದವಳಂತೆ ಮುಖ ಹಿಂದಕ್ಕೆಳೆದಳು. ಅಂಚಿನಲ್ಲಿ ಮೆಲ್ಲಗೆ ಬಡಿದಳು. ಕಡೆಗೆ ಸರಳನ್ನು ನೀರಿನಲ್ಲಿ ಅದ್ದಿ, ತನ್ನ ಬಾಯಿಂದಲೇ ‘ಚುಸ್ಸ್’ ಎಂದಳು.

ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕ. ವರ್ತಕನೂ ನಗಲು ಬಾಯಿ ತೆರೆದ. ಹುಡುಗಿ ನಗಲಿಲ್ಲ. ತಾನು ಮಾಡಿದ್ದು ಸರಿಯಿತ್ತೇ ಎಂದು ಕಮ್ಮಾರನ ಮುಖವನ್ನೇ ನೋಡುತ್ತಿದ್ದಳು. ವರ್ತಕ ನಗದೆ, ಕುಲುಮೆಯೊಳಗೆ ಕೈಯಿಟ್ಟು ನೋಡಿದ.

“ಬೆಂಕಿ ಎಲ್ಲಪ್ಪ?” ಎಂದು ಕೇಳಿದ.

“ಧಣಿ, ಉಳಿಯುವುದನ್ನು ತಾವು ಕೊಟ್ಟಿರಿ, ದೇವರು ತಮ್ಮನ್ನು ಚೆನ್ನಾಗಿಟ್ಟಿರಲಿ,” ಎಂದ ಕಮ್ಮಾರ. “ಉರಿದುಹೋಗುವುದನ್ನು ಯಾರೂ ಕೊಡಲಿಲ್ಲ.”

ವರ್ತಕ ತನ್ನ ಹೆಸರಿನ ಮೇಲೆ ಕೈಯಾಡಿಸಿದ. ಆಮೇಲೆ, ಈ ವರ್ಷದ ಇದ್ದಿಲು ನನ್ನದು, ಆದರೆ ನಾನು ಇಂದು ಇದ್ದು ನಾಳೆ ಹೋಗುವವನು, ಮುಂದಿನದನ್ನು ಊರೇ ನೋಡಿಕೊಳ್ಳಬೇಕು ಎಂದ. ಯಜಮಾನ ತಲೆ ಕೆರೆದುಕೊಂಡ. ಆಗ ನೆರೆದಿದ್ದ ಊರವರ ನಡುವಿನಿಂದ ಅಕ್ಷರದ ಅಯ್ಯನವರು ಎದ್ದು ನಿಂತರು. ತಮ್ಮ ಮಕ್ಕಳ ಮರಳು ಉರಿದುಹೋಗುವುದಿಲ್ಲ, ಕುಲುಮೆಗೆ ಬೇರೆ ಅಳತೆ ಮಾಡಿದರೆ ತಮ್ಮವರಿಗೆ ಹೊಟ್ಟೆಕಿಚ್ಚೂ ಇಲ್ಲ ಎಂದರು. ಊರವರು ಒಪ್ಪಿದರು. ರಾಗಿ ಎಲ್ಲರಿಗೂ ತಲೆಗಿಷ್ಟೆಂದೇ ಉಳಿಯಿತು. ಅದರ ಮೇಲೆ ಕುಲುಮೆಗೆ ಬೇಕಾಗುವಷ್ಟು ಇದ್ದಿಲನ್ನು ಮನೆಮನೆಯವರು ಸರದಿಯಲ್ಲಿ ಒದಗಿಸುವುದೆಂದಾಯಿತು. ಹಾಗಾದರೆ ಧಣಿಗಳ ಹೆಸರನ್ನು ಈ ಸಲ ಎಲ್ಲಿ ಬರೆಸೋಣ ಎಂದು ಯಜಮಾನ ಕೇಳಿದ. ಮೊದಲು ಬರೆಸಿದ್ದನ್ನು ಬಡಿದು ಅಳಿಸಿ ಎಂದ ವರ್ತಕ.

ಅಂದೇ ಕುಲುಮೆ ಹೊತ್ತಿತು. ಹುಡುಗಿ ಕೆಂಪಗೆ ಕಾದ ಸರಳನ್ನು ಹೆಸರಿನ ಮೇಲೆಯೇ ಇಟ್ಟು ಬಡಿದಳು. ಅದ್ದಿದಾಗ ನೀರೇ ಚುಸ್ಸೆಂದಿತು. ಅವಳು ಬೆಚ್ಚಿ ಹಿಂದೆ ಸರಿದಳು, ಆಮೇಲೆ ನಕ್ಕಳು. ಮೊಳೆ ಸೊಟ್ಟಗಿತ್ತು. ಕಮ್ಮಾರ ಅದನ್ನು ಮನೆಗೆ ಒಯ್ದು ದೇವರ ಮುಂದಿಟ್ಟು ಕಣ್ಣೊರೆಸಿಕೊಂಡ. ಬಹಳ ದಿನಗಳ ಮೇಲೆ ಹೊಟ್ಟೆತುಂಬ ಉಂಡ.

ಗುರುಗಳು ಕತೆ ನಿಲ್ಲಿಸಿದರು. ಚಿಕ್ಕಲಿಂಗಯ್ಯ ನೀಳವಾಗಿ ಉಸಿರು ಬಿಟ್ಟ. ಎದೆ ಹಗುರವಾಗಿತ್ತು. ಹಸಿವಿದ್ದಷ್ಟು ಬಡಿಸುವುದು ಪಂಕ್ತಿಭೇದವಲ್ಲ ಎಂದು ತಿಳಿಯಿತು ಬುದ್ಧೀ, ನಾಳೆ ಹೊಲಿಗೆಯ ಮೇಷ್ಟ್ರ ಪರವಾಗಿಯೇ ಮಾತಾಡುತ್ತೇನೆ ಎಂದ. ಆ ಸಂತೋಷದಲ್ಲಿ ಇನ್ನೊಂದು ಮಾತನ್ನೂ ಸೇರಿಸಿದ: ನಮ್ಮ ಶಾಲೆಗೆ ಆ ಊರಿನ ಗತಿ ಬಂದಿಲ್ಲ, ದಾನಿಗಳು ಕೊಟ್ಟ ಹೊಲಿಗೆ ಯಂತ್ರಗಳು ಬಂದು ಎರಡು ವರ್ಷವಾದರೂ ಒಂದರ ಮೇಲೂ ಗೀರು ಬಿದ್ದಿಲ್ಲ.

“ಅವುಗಳ ಪ್ಲಾಸ್ಟಿಕ್ ಹೊದಿಕೆ ತೆಗೆದಿದ್ದೀರೇನು, ಮರಿ?” ಎಂದರು ಗುರುಗಳು.

ಮಾರನೆಯ ದಿನ ಚಿಕ್ಕಲಿಂಗಯ್ಯ ಸಭೆಗೆ ಮೊದಲು ಹೊಲಿಗೆಯ ತರಗತಿಗೆ ಹೋದ, ಕೈಯಲ್ಲಿ ಕತ್ತರಿ ಹಿಡಿದು.

ಕೇಳಿದ ನಿಮ್ಮೆಲ್ಲರ ಮನೆಯ ಒಲೆ ಆರದಿರಲಿ, ಮಕ್ಕಳ ಕೈಗೆ ಕೆಲಸ ಹತ್ತಲಿ, ಕೊಟ್ಟ ಕೈಗೂ ಪಡೆದ ಕೈಗೂ ಶಿವನ ಕೃಪೆಯಿರಲಿ.